ಹಟ್ಟಿಯ ಕಂಬ, ಜೀಪಿನ ಮಾಡು

ನಮ್ಮ ಕಡೆ ದನಕ್ಕೆ ಹಟ್ಟಿ ಇದೆ, ಅಡಿಕೆಗೆ ಅಟ್ಟ ಇದೆ, ಕಟ್ಟಿಗೆಗೆ ಕೊಟ್ಟಿಗೆ ಇದೆ. ಗೊಬ್ಬರದ ಗುಂಡಿಗೂ ಮಾಡು ಹಾಕಿದವರಿದ್ದಾರೆ. ಸಾಲ ಮಾಡಿ ತಂದ ಜೀಪೋ ಪಿಕಪ್ಪೋ ಮಾತ್ರ ಹೆಚ್ಚಿನ ಮನೆಗಳಲ್ಲಿ ಅಂಗಳದ ಬದಿಯ ಹಲಸಿನ ಬುಡದಲ್ಲಿ ಟರ್ಪಾಲು ಹೊದ್ದು ನಿಂತಿರುತ್ತದೆ. ‘ಗಾಡಿಗೆ ಮನೆ ಕಟ್ಟುವಷ್ಟು ನಾವು ದೊಡ್ಡವರಾ?’ ಎಂಬ ಭಾವನೆ. ಮನೆ ಬೇಡ. ಕಂಬದ ಮೇಲೊಂದು ಮಾಡು ಸಾಕು. ಆದರೆ ಆ ಮಾಡು ನಿಲ್ಲಬೇಕು. ಇದನ್ನು ನಾವು ಹೇಗೆ ಮಾಡಿದೆವು, ಎಷ್ಟು ಖರ್ಚಾಯಿತು ಎಂಬುದನ್ನು ಕೇಳುವವರು ಹೆಚ್ಚಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮೂರೂವರೆ ಎಕರೆ ಅಡಿಕೆ, ನಡುವೆ ಕಾಳುಮೆಣಸು, ಸ್ವಲ್ಪ ಕೊಕ್ಕೊ. ಟಾರು ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಮಳೆಗಾಲದಲ್ಲಿ ಅದರ ಏರಿಗೆ ಆಟೋ ಬರುವುದಿಲ್ಲ, ಕಾರು ಬರುವುದಿಲ್ಲ. 2019ರಲ್ಲಿ ಸೊಸೈಟಿಯಲ್ಲಿ ಒಂದು ಲಕ್ಷದ ಎಂಬತ್ತು ಸಾವಿರ ಸಾಲ ತೆಗೆದು ಹಳೆಯ ಡೀಸೆಲ್ ಜೀಪು ತಂದೆವು. ಅಡಿಕೆ ಪೇಟೆಗೆ, ಗೊಬ್ಬರ ಮನೆಗೆ, ಮಕ್ಕಳು ಶಾಲೆಗೆ ಎಲ್ಲ ಅದರಲ್ಲೇ. ನೆರೆಯ ನಾಲ್ಕು ಮನೆಯವರಿಗೂ ರಾತ್ರಿ ಹೊತ್ತಿನಲ್ಲಿ ಅದೇ ಆಧಾರ.

ಟರ್ಪಾಲು ಹೊದೆಸಿದರೆ ಮಳೆನೀರು ಬೀಳುವುದಿಲ್ಲ, ನಿಜ. ಆದರೆ ತೇವ ಹೋಗುವುದಿಲ್ಲ. ಒದ್ದೆ ಗಾಡಿಯನ್ನು ತಂದು ನಿಲ್ಲಿಸಿ ಮುಚ್ಚಿದರೆ ಒಳಗಿನ ನೀರು ಬೆವರಿ ಪುನಃ ತಗಡಿನ ಮೇಲೆಯೇ ಕೂರುತ್ತದೆ. ಅಡಿಯಲ್ಲಿ ಹಸಿ ಮಣ್ಣು, ಮೇಲೆ ಪ್ಲಾಸ್ಟಿಕ್. ಅಡಿಕೆಯನ್ನು ಒಣಗಿಸದೆ ಗೋಣಿಗೆ ತುಂಬಿದ ಹಾಗೆ! ಒಂದೇ ಮಳೆಗಾಲದಲ್ಲಿ ನಮ್ಮ ಜೀಪಿನ ನೆಲದ ತಗಡು ಡ್ರೈವರ್ ಕಾಲಿನ ಹತ್ತಿರ ತೂತಾಯಿತು. ವೆಲ್ಡಿಂಗು, ಹೊಸ ತಗಡು, ಬಣ್ಣ ಎಂದು ಇಪ್ಪತ್ತೆರಡು ಸಾವಿರ ಹೋಯಿತು.

2020ರ ಆಟಿ ತಿಂಗಳು. ರಾತ್ರಿ ಒಂದು ಗಂಟೆಗೆ ಅಮ್ಮನಿಗೆ ಉಬ್ಬಸ ಜೋರಾಯಿತು. ಕೀಲಿ ತಿರುಗಿಸಿದರೆ ಜೀಪಿನ ಸೆಲ್ಫ್ ‘ಟಿಕ್ ಟಿಕ್’ ಎನ್ನುತ್ತದೆ, ಎಂಜಿನು ತಿರುಗುವುದಿಲ್ಲ. ಬ್ಯಾಟರಿಯ ತುದಿಗಳಲ್ಲಿ ಹಸಿರು ಬೂಸ್ಟು, ಸೆಲ್ಫಿನ ವಯರಿನ ಬುಡದಲ್ಲಿ ತುಕ್ಕು. ಆಚೆಮನೆಯ ಇಬ್ಬರು ಹುಡುಗರನ್ನು ಕರೆದು, ತೋಟದ ಕಡೆಯ ಇಳಿಜಾರಿಗೆ ದೂಡಿ, ಎರಡನೇ ಗೇರಿನಲ್ಲಿ ಕ್ಲಚ್ಚು ಬಿಟ್ಟು ಹೇಗೋ ಸ್ಟಾರ್ಟ್ ಮಾಡಿದೆವು. ಮುಕ್ಕಾಲು ಗಂಟೆ ಅಲ್ಲೇ ಕಳೆಯಿತು. ಅಮ್ಮ ಎರಡು ದಿನದಲ್ಲಿ ಹುಷಾರಾಗಿ ಬಂದರು. ಮುಂದಿನ ಮಳೆಗಾಲದ ಒಳಗೆ ಜೀಪಿಗೆ ಮಾಡು ಆಗಲೇಬೇಕೆಂದು ಮನೆಯಲ್ಲಿ ಎಲ್ಲರೂ ಹೇಳಿದರು. ಮಾತು ಹೊರಟಿದ್ದು ಅಲ್ಲಿಂದ.

ಗೋಡೆ ಬೇಕಾ?

ಪೇಟೆಯ ಕಂಟ್ರಾಕ್ಟರರೊಬ್ಬರು ಬಂದು ನೋಡಿದರು. ಪಂಚಾಂಗ, ಮೂರು ಬದಿಗೆ ಮುರಕಲ್ಲಿನ ಗೋಡೆ, ಮೇಲೆ ಸ್ಲಾಬು, ಶಟರ್ ಬಾಗಿಲು. ಮೂರೂಕಾಲು ಲಕ್ಷ ಅಂದರು. ಜೀಪಿನ ಬೆಲೆಗಿಂತ ಹೆಚ್ಚು! ಅಷ್ಟು ಹಾಕಿದರೂ ಒಳಗೆ ಗಾಳಿಯಾಡದಿದ್ದರೆ ಟರ್ಪಾಲಿನ ಕತೆಯೇ. ನಮ್ಮ ಮಳೆಗೆ ಗಾಡಿಯನ್ನು ಕಾಯುವುದು ಗೋಡೆಯಲ್ಲ. ಮೇಲೊಂದು ಸೋರದ ಮಾಡು, ಅಡಿಯಲ್ಲಿ ಒಣನೆಲ, ಸುತ್ತ ಗಾಳಿ - ಈ ಮೂರಿದ್ದರೆ ಒದ್ದೆ ಜೀಪು ಬೆಳಗಾಗುವಾಗ ಒಣಗಿರುತ್ತದೆ.

ನನ್ನ ಅಕ್ಕನ ಮಗ ಸಿವಿಲ್ ಎಂಜಿನಿಯರು. ಅವನು ಅಮೆರಿಕದ ಕೆಲವು ಚಿತ್ರ ತೋರಿಸಿದ. ಅಲ್ಲಿನ ಕೃಷಿಕರು ಪಂಚಾಂಗವೇ ಇಲ್ಲದೆ ನೆಲಕ್ಕೆ ಮರದ ಕಂಬ ಹುಗಿದು ಅದರ ಮೇಲೆ ಮಾಡು ಏರಿಸುತ್ತಾರೆ. ‘ಪೋಲ್ ಬಾರ್ನ್’ ಎಂದು ಹೆಸರು. 1930ರ ದಶಕದ ಕಷ್ಟಕಾಲದಲ್ಲಿ ಅದು ಅಲ್ಲಿ ಹಬ್ಬಿತಂತೆ. ಈಗ ಹುಲ್ಲು, ಟ್ರಾಕ್ಟರು ಮಾತ್ರವಲ್ಲ, ಒಳಗೆ ಅಡುಗೆ ಮಲಗುವ ವ್ಯವಸ್ಥೆ ಇರುವ ತಿರುಗಾಟದ ದೊಡ್ಡ ಗಾಡಿಗಳನ್ನೂ ಅದರಡಿಯಲ್ಲೇ ನಿಲ್ಲಿಸುತ್ತಾರೆ. “ಮಾವ, ಇದು ನಿಮ್ಮ ಹಟ್ಟಿಯೇ ಅಲ್ವಾ?” ಅಂದ. ಹೌದು. ನಮ್ಮ ಅಜ್ಜ ಕಟ್ಟಿಸಿದ ಹಟ್ಟಿಯೂ ನೆಲಕ್ಕೆ ಹುಗಿದ ಕಂಬದ ಮೇಲೆಯೇ ನಿಂತದ್ದು.

ಆ ಹಟ್ಟಿ ಖಾಲಿಯಿತ್ತು. ಹನ್ನೊಂದು ದನಗಳಿದ್ದಲ್ಲಿ ಈಗ ಎರಡು. ಅವಕ್ಕೆ ಮನೆಯ ಹಿಂದೆ ಸಣ್ಣ ಹಟ್ಟಿ ಆಗಿದೆ. ಹಳೆಯದರ ಹೆಂಚು ಮಂಗಗಳ ದೆಸೆಯಿಂದ ಅರ್ಧ ಒಡೆದಿತ್ತು. ಬಿಚ್ಚುವುದೆಂದಾಯಿತು. ಅಮ್ಮ ಒಂದು ದಿನ ಮಾತಾಡಲಿಲ್ಲ. ಮರುದಿನ, “ಕಂಬ ಮಾತ್ರ ಸೌದೆಗೆ ಹಾಕಬೇಡ. ಅದು ನಿನ್ನ ಅಜ್ಜ ಗುಡ್ಡೆಯಿಂದ ಎಳೆಸಿ ತಂದದ್ದು” ಅಂದರು. ಆರು ಕಂಬ, ಎಲ್ಲ ಕಿರಾಲುಬೋಗಿ. ಆರಿಂಚು ಚೌಕ, ಬರೇ ಚೇಗು.

ಕೊಳೆತದ್ದು ಎಲ್ಲಿ?

ಕಂಬ ಕಿತ್ತಾಗ ಕಂಡದ್ದನ್ನು ಎಲ್ಲರೂ ನೋಡಬೇಕಿತ್ತು. ನೆಲದಿಂದ ಮೇಲೆ ಮರ ಕಬ್ಬಿಣದ ಹಾಗಿದೆ, ಮೊಳೆ ಹೊಡೆದರೆ ಬಾಗುತ್ತದೆ. ಎರಡು ಅಡಿ ಆಳದಲ್ಲಿದ್ದ ಬುಡವೂ ಗಟ್ಟಿ. ನೆಲಮಟ್ಟದ ಆಚೀಚೆ ಒಂದು ಗೇಣು ಮಾತ್ರ ಸುತ್ತಲೂ ತಿಂದು ಸಪೂರವಾಗಿದೆ. ಒಂದು ಕಂಬದಲ್ಲಿ ಅಲ್ಲಿ ಉಳಿದದ್ದು ಮೂರು ಇಂಚು ದಪ್ಪ.

ಕಾರಣ ಸುಲಭ. ಮರ ಕೊಳೆಸುವ ಬೂಸ್ಟಿಗೆ ನೀರೂ ಬೇಕು, ಗಾಳಿಯೂ ಬೇಕು. ಮೇಲೆ ಗಾಳಿ ಇದೆ, ನೀರು ನಿಲ್ಲುವುದಿಲ್ಲ. ಆಳದಲ್ಲಿ ನೀರಿದೆ, ಗಾಳಿ ಇಲ್ಲ. ಎರಡೂ ಸೇರುವುದು ನೆಲಮಟ್ಟದಲ್ಲಿ. ಒರಲೆ ಹತ್ತುವುದೂ ಅಲ್ಲಿಂದಲೇ. ಬೇಲಿ ಗೂಟ ಮುರಿಯುವ ಜಾಗ ನೋಡಿ, ಅದೇ. ಕಬ್ಬಿಣದ ಪೈಪನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿದರೂ ತುಕ್ಕು ಹಿಡಿಯುವುದು ಕಾಂಕ್ರೀಟಿನ ಕೊರಳಲ್ಲೇ.

ಹಾಗಾದರೆ ಪೂರಾ ಕಲ್ಲಿನ ಕಂಬ ಹಾಕಿದರೆ? ಘಟ್ಟದ ಮೇಲಿನಿಂದ ಬರುವ ಕಗ್ಗಲ್ಲಿನ ಬೇಲಿಕಂಬ ಈಗ ಎಲ್ಲ ಕಡೆ ಸಿಗುತ್ತದೆ. ಕೊಳೆಯುವುದಿಲ್ಲ, ತುಕ್ಕಿಲ್ಲ. ಆದರೆ ಕಲ್ಲು ಬಾಗುವುದಿಲ್ಲ. ಜೀಪು ಹಿಂದೆ ತೆಗೆಯುವಾಗ ಬಂಪರು ಎದೆಮಟ್ಟಕ್ಕೆ ತಾಗಿದರೆ ಮರ ಸಹಿಸುತ್ತದೆ, ಸಪೂರ ಕಲ್ಲು ತುಂಡಾಗಿ ಮಾಡು ಸಮೇತ ಗಾಡಿಯ ಮೇಲೆ ಬರಬಹುದು. ಮಾಡನ್ನು ಕಲ್ಲಿನ ತಲೆಗೆ ಭದ್ರ ಮಾಡುವುದೂ ರಗಳೆ.

ದಾರಿ ತೋರಿಸಿದ್ದು ನಮ್ಮ ಆಚಾರ್ರು. “ಅಣ್ಣ, ಶಾಲೆಯ ಬಾವುಟದ ಕಂಬ ಹೇಗೆ ನಿಲ್ಲಿಸಿದ್ದಾರೆ? ಹಾಗೆ ಮಾಡುವ” ಅಂದರು. ಎರಡು ಕಲ್ಲು ನೆಲಕ್ಕೆ ಹುಗಿದು, ನಡುವೆ ಮರದ ಕಂಬ ಇಟ್ಟು, ಅಡ್ಡಕ್ಕೆ ಎರಡು ಬೋಲ್ಟು. ಮಣ್ಣಿನ ಒಳಗೆ ಕಲ್ಲು, ಮಣ್ಣಿನ ಮೇಲೆ ಮರ. ಮರ ಮಣ್ಣನ್ನು ಮುಟ್ಟುವುದೇ ಇಲ್ಲ! ಅರವತ್ತು ವರ್ಷ ಮರದ ಕೆಲಸ ನೋಡಿದವರ ತಲೆ. ಅಳಿಯನಿಗೂ ಒಪ್ಪಿಗೆಯಾಯಿತು, ಆದರೆ ಲೆಕ್ಕ ಮಾಡಿಯೇ ಹೇಳುತ್ತೇನೆ ಅಂದ.

ಗಾಳಿಯ ತೂಕ

ಅವನ ಲೆಕ್ಕ ನನ್ನ ಕಣ್ಣು ತೆರೆಸಿತು. ಮಾಡಿನ ಅಳತೆ 20 ಅಡಿ ಅಗಲ, 24 ಅಡಿ ಉದ್ದ, ಅಂದರೆ 480 ಚದರಡಿ. ಜೀಪು ಹದಿಮೂರಡಿ ಉದ್ದ, ಐದೂವರೆ ಅಡಿ ಅಗಲ. ಪಕ್ಕದಲ್ಲಿ ಪವರ್ ಟಿಲ್ಲರು, ಸುತ್ತ ಬಾಗಿಲು ತೆರೆಯಲು ಜಾಗ. ಇದಕ್ಕೆ ಹೆಂಚು ಹಾಕಿದರೆ ಹೆಂಚಿನ ಭಾರವೇ ಸಾವಿರದಾರುನೂರು ಕಿಲೋ ಹತ್ತಿರ. ಅರ್ಧ ಮಿಲಿಮೀಟರಿನ ತಗಡು ಹಾಕಿದರೆ ಇನ್ನೂರ ಚಿಲ್ಲರೆ ಕಿಲೋ. “ಎಷ್ಟು ಹಗುರ, ಕಂಬಕ್ಕೆ ಭಾರವೇ ಇಲ್ಲ” ಎಂದು ನಾವು ಸಂತೋಷಪಡುತ್ತೇವೆ. ಅಪಾಯ ಇರುವುದೇ ಅಲ್ಲಿ.

ಕಟ್ಟಡದ ಮೇಲಿನ ಗಾಳಿಗೆ ಸರಕಾರದ ಒಂದು ಮಾನಕ ಇದೆ, ಐಎಸ್ 875. ಅದರಲ್ಲಿ ಮಂಗಳೂರಿಗೆ ಹೇಳಿದ ಗಾಳಿಯ ವೇಗ ಸೆಕೆಂಡಿಗೆ 39 ಮೀಟರ್, ಗಂಟೆಗೆ 140 ಕಿಲೋಮೀಟರ್. ದಿನಾ ಬೀಸುವ ಗಾಳಿಯಲ್ಲ, ಐವತ್ತು ವರ್ಷಕ್ಕೊಮ್ಮೆ ಬರಬಹುದಾದದ್ದು. ಆ ಗಾಳಿ ಚದರಡಿಗೆ ಎಂಟೂವರೆ ಕಿಲೋದಷ್ಟು ಒತ್ತುತ್ತದೆ. ಗೋಡೆ ಇಲ್ಲದ ಮಾಡಿನ ಅಡಿಗೆ ನುಗ್ಗಿದರೆ ಹೆಚ್ಚುಕಡಿಮೆ ಅಷ್ಟೇ ಬಲದಲ್ಲಿ ಎತ್ತಲೂಬಹುದು. 480 ಚದರಡಿಗೆ ನಾಲ್ಕು ಸಾವಿರ ಕಿಲೋ! ತಗಡು, ಪೈಪು ಎಲ್ಲ ಸೇರಿ ನಮ್ಮ ಮಾಡಿನ ಭಾರ ಆರುನೂರು ಕಿಲೋ. ಉಳಿದ ಮೂರು ಸಾವಿರದ ನಾನೂರು ಕಿಲೋವನ್ನು ಹಿಡಿದಿಡಬೇಕಾದ್ದು ನೆಲ. ಸರಾಸರಿ ಲೆಕ್ಕದಲ್ಲಿ ಮೂಲೆಯ ಕಂಬಕ್ಕೆ ಐನೂರು ಕಿಲೋ, ನಡುವಿನ ಕಂಬಕ್ಕೆ ಏಳುನೂರು ಕಿಲೋ ಎಳೆತ, ಅದೂ ಮೇಲಕ್ಕೆ.

ಹಳಬರು ಕಂಬದ ತಲೆಗೆ ತೊಲೆ ಕೂರಿಸಿ ಬಿಡುತ್ತಿದ್ದರು, ಕಟ್ಟುತ್ತಿರಲಿಲ್ಲ. ಹೆಂಚಿನ ಭಾರವೇ ಕಟ್ಟು. ಜೋರು ಗಾಳಿ ಬಂದರೆ ಹೆಂಚಿನ ಸಂದಿನಿಂದ ಸ್ವಲ್ಪ ಹೊರಗೂ ಹೋಗುತ್ತದೆ. ಈಗ ಅದೇ ಕಂಬ, ಅದೇ ಪಕ್ಕಾಸಿನ ಮೇಲೆ ಹೆಂಚು ತೆಗೆದು ತಗಡು ಹಾಕಿದವರ ಮಾಡು ಬೇಸಗೆಯ ಗುಡುಗು ಮಳೆಗೆ ಹಾರಿಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ತಗಡಿನ ಮಾಡನ್ನು ಹೊರಬೇಕಾದ್ದಿಲ್ಲ, ಹಿಡಿದುಕೊಳ್ಳಬೇಕು. ತಗಡಿನಿಂದ ಪೈಪಿಗೆ, ಪೈಪಿನಿಂದ ಕಂಬಕ್ಕೆ, ಕಂಬದಿಂದ ಕಲ್ಲಿಗೆ, ಕಲ್ಲಿನಿಂದ ಮಣ್ಣಿಗೆ ಒಂದೇ ಸರಪಳಿ. ಒಂದು ಕೊಂಡಿ ಸಡಿಲವಾದರೂ ಉಳಿದದ್ದು ದಂಡ.

ಗುಂಡಿಯಿಂದ ಮಾಡಿಗೆ

2021ರ ಜನವರಿ ಕೊನೆಗೆ, ಎರಡನೇ ಕೊಯಿಲಿನ ಗಡಿಬಿಡಿ ಮುಗಿದ ಮೇಲೆ ಕೆಲಸ ಸುರು. ಆರು ಗುಂಡಿ, ಎರಡಡಿ ಚೌಕ, ಮೂರೂವರೆ ಅಡಿ ಆಳ, ಬುಡ ಸ್ವಲ್ಪ ಅಗಲ. ಅಗಲಕ್ಕೆ 16 ಅಡಿ ಅಂತರ, ಉದ್ದಕ್ಕೆ ಹತ್ತತ್ತು ಅಡಿಗೆ ಒಂದರಂತೆ ಬದಿಗೆ ಮೂರು ಕಂಬ. ಸುತ್ತಲೂ ಎರಡಡಿ ಮಾಡು ಹೊರಗೆ ಚಾಚುತ್ತದೆ. ಇರಿಚಲು ತಪ್ಪಿಸಲು ಇದಕ್ಕಿಂತ ಹೆಚ್ಚು ಚಾಚಿದರೆ ಗಾಳಿಗೆ ಹಿಡಿಕೆ ಕೊಟ್ಟ ಹಾಗೆ.

ಪ್ರತಿ ಗುಂಡಿಗೆ ಆರಡಿಯ ಎರಡು ಕಗ್ಗಲ್ಲು, ಏಳಿಂಚು ಅಗಲ, ಐದಿಂಚು ದಪ್ಪ. ಒಂದೊಂದು ನೂರು ಕಿಲೋ ಮೀರುತ್ತದೆ. ಮೂರೂವರೆ ಅಡಿ ನೆಲದೊಳಗೆ, ಎರಡೂವರೆ ಅಡಿ ಮೇಲೆ. ಕಲ್ಲು ನಿಲ್ಲಿಸುವ ಮೊದಲೇ ತೂತು ಕೊರೆಸಬೇಕು. ಡ್ರಿಲ್ ಮೆಷಿನು ಬಾಡಿಗೆಗೆ ತಂದು ಇಪ್ಪತ್ತನಾಲ್ಕು ತೂತು ಮಾಡಿಸಿದೆವು. ನಡುವೆ ಆರಿಂಚಿನ ಮರದ ತುಂಡು ಇಟ್ಟು ಕಲ್ಲುಗಳನ್ನು ಜೋಡಿಯಾಗಿ ಕಟ್ಟಿ ಇಳಿಸಿದ್ದರಿಂದ ತೂತುಗಳು ಎದುರುಬದುರಾಗಿ ಕೂತವು. ಗುಂಡಿಯ ಕೆಳಗಿನ ಒಂದೂವರೆ ಅಡಿ ಕಾಂಕ್ರೀಟು, ಮೇಲೆ ಮುರಕಲ್ಲಿನ ಚೂರು ಮತ್ತು ಮಣ್ಣು. ಅರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ಹಾರೆಯ ತಲೆಯಲ್ಲಿ ಗುದ್ದಿದ್ದೇವೆ. ಈ ಗುದ್ದುವ ಕೆಲಸಕ್ಕೆ ಆಳುಗಳು ಬೇಸರಪಡುತ್ತಾರೆ, ಹತ್ತಿರ ನಿಲ್ಲಬೇಕು. ಕಲ್ಲು, ಕಾಂಕ್ರೀಟು, ಮೇಲಿನ ಮಣ್ಣು ಸೇರಿ ಒಂದು ಗುಂಡಿಯಲ್ಲಿ ಒಂಬೈನೂರು ಕಿಲೋ ಭಾರ ಕೂತಿದೆ. ಏಳುನೂರರ ಎಳೆತಕ್ಕೆ ಇದು ಸಾಕು.

ಬೋಗಿ ಕಂಬಗಳ ಕೊಳೆತ ಬುಡ ಕತ್ತರಿಸಿದಾಗ ಎಂಟೂವರೆ ಅಡಿ ಉಳಿಯಿತು. ಬುಡದ ಮೂರಡಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಎರಡು ಸಲ ಹಚ್ಚಿದೆವು. ಕರಾವಳಿಯಲ್ಲಿ ದೋಣಿಯ ಮರಕ್ಕೆ ಹಚ್ಚುತ್ತಿದ್ದ ಎಣ್ಣೆಯೇ ಇದು. ಒರಲೆ ಹತ್ತಿರ ಬರುವುದಿಲ್ಲ. ಆದರೆ ಮೈಗೆ ತಾಗಿದರೆ ಚರ್ಮ ಸುಟ್ಟು ಏಳುತ್ತದೆ. ಕೈಗವಸು ಹಾಕಿ, ಉದ್ದ ಹಿಡಿಯ ಬ್ರಶ್ಶಿನಲ್ಲೇ ಹಚ್ಚಬೇಕು. ಕಂಬದ ಕೆಳತುದಿ ನೆಲದಿಂದ ಮೂರಿಂಚು ಮೇಲೆ. ಅಡ್ಡಕ್ಕೆ 16 ಮಿಲಿಮೀಟರಿನ ಬೋಲ್ಟು ಎರಡು, ಒಂದು ಕೆಳಗೆ, ಇನ್ನೊಂದು ಕಲ್ಲಿನ ತಲೆಯ ಹತ್ತಿರ. ಕಲ್ಲಿಗೂ ಮರಕ್ಕೂ ನಡುವೆ ವಾಶರು ಇಟ್ಟು ಎರಡು ನೂಲಿನಷ್ಟು ಸಂದು ಬಿಟ್ಟಿದ್ದೇವೆ, ನೀರು ಬಿದ್ದರೆ ಇಳಿದು ಒಣಗಲಿ ಎಂದು.

ಕಂಬದ ತಲೆಗೆ ಯು ಆಕಾರದ ದಪ್ಪ ಕಬ್ಬಿಣದ ಪಟ್ಟಿ, ಒಂದಡಿ ಕೆಳಗಿನವರೆಗೆ ಇಳಿದು ಕಂಬಕ್ಕೆ ಎರಡು ಬೋಲ್ಟು. ಆ ಪಟ್ಟಿಗೇ ಮಾಡಿನ ಪೈಪನ್ನು ವೆಲ್ಡ್ ಮಾಡಿದೆವು. ಮೂರು ಜೊತೆ ಕಂಬಕ್ಕೆ ಮೂರು ತ್ರಿಕೋನದ ಚೌಕಟ್ಟು, ನಡುವೆ ಮೂರಡಿ ಎತ್ತರ. ಬದಿಗೆ ನಾಲ್ಕು ಸಾಲಿನಂತೆ ಉದ್ದದ ಪೈಪು. ಪ್ರತಿ ಕಂಬದ ತಲೆಯಿಂದ ಎರಡಡಿ ಕೆಳಗೆ ಹೊರಟು ಪೈಪಿಗೆ ಸೇರುವ ಓರೆ ಆಧಾರ ಕೊಟ್ಟಿದ್ದೇವೆ. ಗೋಡೆ ಇಲ್ಲದ ಮಾಡು ಆಚೀಚೆ ವಾಲದಂತೆ ತಡೆಯುವುದು ಇದೇ. ವೆಲ್ಡರು, “ಚಂದ ಕಾಣುವುದಿಲ್ಲ, ಬೇಡ” ಅಂದಿದ್ದರು. ಚಂದ ಮತ್ತೆ ನೋಡುವ ಅಂದೆ.

ಹಳೆ ಹೆಂಚು ಪುನಃ ಹಾಕುವ ಆಸೆ ಇತ್ತು. ತಂಪು, ಸದ್ದಿಲ್ಲ, ಅಡಿಯಲ್ಲಿ ಬೆವರುವುದಿಲ್ಲ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು ಸುರು ಮಾಡಿದ ಹೆಂಚು ಇವತ್ತಿಗೂ ನಮ್ಮ ಮನೆಗಳ ಮೇಲಿದೆ ಎಂದರೆ ಸುಮ್ಮನೆ ಅಲ್ಲ. ಆದರೆ ಮಂಗಗಳ ಜೊತೆ ಯಾರು ಹೋರಾಡುವುದು? ಕೊನೆಗೆ ಬಣ್ಣದ ತಗಡೇ ಆಯಿತು. ಹತ್ತೂವರೆ ಅಡಿಯವು ಹದಿನಾರು. ತಗಡಿಗೆ ರಬ್ಬರ್ ವಾಶರಿನ ತಿರುಪು ಹೊಡೆಯುವಾಗ ನಡುವೆ ಒಂದು ಏರು ಬಿಟ್ಟು ಒಂದು ಏರಿಗೆ ಹಾಕಿದರೂ ನಡೆಯುತ್ತದೆ. ಅಂಚು, ಮೂಲೆ, ಕೋಡಿನ ಸಾಲಿನಲ್ಲಿ ಮಾತ್ರ ಒಂದನ್ನೂ ಬಿಡಬಾರದು. ಗಾಳಿ ಮೊದಲು ಎತ್ತುವುದು ಅಂಚನ್ನು.

ಜಾಗ, ನೆಲ, ನೀರು

ಹಟ್ಟಿ ಇದ್ದ ಜಾಗವೇ ಎತ್ತರದ್ದು, ಹತ್ತಿರ ತೆಂಗಿನ ಮರ ಇಲ್ಲ. ಹಲಸಿನ ಮರದಿಂದಲೂ ದೂರ. ಜೀಪಿನ ಬೋನೆಟ್ಟಿಗೆ ಹಲಸಿನ ಹಣ್ಣು ಬಿದ್ದವರನ್ನು ಕೇಳಿ ನೋಡಿ. ಜೆಸಿಬಿ ಮೂರು ಗಂಟೆ ಕೆಲಸ ಮಾಡಿ ನೆಲವನ್ನು ಸುತ್ತಲಿನಿಂದ ಮುಕ್ಕಾಲು ಅಡಿ ಎತ್ತರಿಸಿತು. ಪೂರಾ ಕಾಂಕ್ರೀಟು ಹಾಕಲಿಲ್ಲ. ಮುರಮಣ್ಣು ಗುದ್ದಿ, ಮೇಲೆ ಮೂರಿಂಚು ಜಲ್ಲಿ. ಚಕ್ರ ಹೋಗುವಲ್ಲಿ ಎರಡಡಿ ಅಗಲದ ಎರಡು ಕಾಂಕ್ರೀಟು ಪಟ್ಟಿ, ರೈಲಿನ ಹಳಿಯ ಹಾಗೆ. ಜೀಪಿನಿಂದ ಇಳಿದ ನೀರು ಜಲ್ಲಿಯಲ್ಲಿ ಇಂಗಿಹೋಗುತ್ತದೆ. ನೀರು ನಿಲ್ಲದ ಕಾರಣ ಚಾಸಿಗೆ ತೇವ ಏರುವುದೂ ಕಡಿಮೆ.

ಮಾಡಿನ ನೀರು ಸಣ್ಣದಲ್ಲ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಮೀಟರ್ ಮಳೆ ಬಂದರೆ ಈ 480 ಚದರಡಿಯಿಂದಲೇ 1,78,000 ಲೀಟರ್ ನೀರು ಬೀಳುತ್ತದೆ. ಅದು ಕಂಬದ ಬುಡಕ್ಕೆ ಬಿದ್ದರೆ ಗುದ್ದಿದ ಮಣ್ಣು ಕೊಚ್ಚಿಹೋಗುವುದು ಖಂಡಿತ. ದಂಬೆ ಕಟ್ಟಿದರೆ ತರಗೆಲೆ ತುಂಬಿ ತಿಂಗಳಿಗೊಮ್ಮೆ ಏಣಿ ಹತ್ತಬೇಕು. ಅದರ ಬದಲು ನೀರು ಬೀಳುವ ಸಾಲಿನಲ್ಲಿ ಒಂದಡಿ ಅಗಲಕ್ಕೆ ಕಲ್ಲು ಹಾಸಿ ಕಣಿ ಮಾಡಿದೆವು. ಎರಡೂ ಕಣಿ ಸೇರಿ ಬಾವಿಯ ಮೇಲ್ಬದಿಯ ಇಂಗುಗುಂಡಿಗೆ ಹೋಗುತ್ತದೆ.

ಪಡುಗಾಳಿಯ ಇರಿಚಲು ಉಳಿಯಿತು. ಪಡುಬದಿಗೆ ಗೋಡೆ ಕಟ್ಟಿಬಿಡಿ ಎಂದು ತುಂಬ ಜನ ಹೇಳಿದರು. ಮಳೆಗಾಲದ ಗಾಳಿ ಪಡುವಿನಿಂದ, ಸರಿ. ಆದರೆ ಎಪ್ರಿಲ್, ಮೇ ತಿಂಗಳ ಗುಡುಗಿನ ಗಾಳಿ ಹೆಚ್ಚಾಗಿ ಘಟ್ಟದ ಕಡೆಯಿಂದ, ಮೂಡಿನಿಂದ ಬರುತ್ತದೆ. ಆಗ ಪಡುವಿನ ಗೋಡೆ ಗಾಳಿಯನ್ನು ಚೀಲದ ಹಾಗೆ ಒಳಗೆ ಹಿಡಿದಿಟ್ಟು ಮಾಡನ್ನು ಎತ್ತಿಕೊಡುತ್ತದೆ. ಅದಕ್ಕೆ ಪತ್ತನಾಜೆ ಕಳೆದ ಮೇಲೆ ಪಡುಬದಿಗೆ ಅಡಿಕೆ ಸಲಾಕೆಗೆ ಮಡಲು ಕಟ್ಟಿದ ತಟ್ಟಿ ನಿಲ್ಲಿಸುತ್ತೇವೆ, ಮಳೆ ಮುಗಿದಾಗ ತೆಗೆಯುತ್ತೇವೆ. ಬಾಳೆನಾರಿನ ಕಟ್ಟು. ವಿಪರೀತ ಗಾಳಿ ಬಂದರೆ ತಟ್ಟಿಯೇ ಮೊದಲು ಹರಿದುಹೋಗಲಿ, ಮಾಡು ಉಳಿಯಲಿ.

ಮೇ ತಿಂಗಳ ಪರೀಕ್ಷೆ

ಬಿಸುವಿಗೆ ಮೊದಲೇ ಕೆಲಸ ಮುಗಿಯಿತು. ಪುಣ್ಯಕ್ಕೆ ಬೇಗ ಮುಗಿಯಿತು, ಎಪ್ರಿಲ್ ಕೊನೆಗೆ ಕೊರೋನಾದ ಎರಡನೇ ಅಲೆಗೆ ರಾಜ್ಯವೇ ಬಂದಾಯಿತು. ಮೇ 15, 16ಕ್ಕೆ ತೌಕ್ತೆ ಚಂಡಮಾರುತ ನಮ್ಮ ಕಡಲಿನಲ್ಲಿ ಹಾದು ಗುಜರಾತಿನ ಕಡೆ ಹೋಯಿತು. ಕಡಲ ಬದಿಯವರಿಗೆ ಆದ ಕಷ್ಟ ದೊಡ್ಡದು. ಒಳನಾಡಿನ ನಮಗೆ ಅಷ್ಟು ಗಾಳಿ ಸಿಗದಿದ್ದರೂ ತೋಟದಲ್ಲಿ ಮೂವತ್ತೆರಡು ಅಡಿಕೆ ಮರ ಬಿತ್ತು. ರಾತ್ರಿ ಟಾರ್ಚು ಹಿಡಿದು ಜಗಲಿಯಿಂದ ನೋಡುತ್ತಿದ್ದೆ. ತಗಡು ಡಬಡಬ ಎನ್ನುತ್ತಿತ್ತು, ಕಂಬ ಅಲುಗಲಿಲ್ಲ. ಬೆಳಿಗ್ಗೆ ನೋಡಿದರೆ ಎರಡು ತಿರುಪು ಮಾತ್ರ ಸಡಿಲ.

ಆ ಜೂನ್, ಜುಲೈಯಲ್ಲಿ ಊರಿನಿಂದ ಆಸ್ಪತ್ರೆಗೆ ಎಷ್ಟು ಸಲ ಹೋದೆವೋ ಲೆಕ್ಕ ಇಟ್ಟಿಲ್ಲ. ನಮ್ಮ ಮನೆಯಿಂದ ಎರಡು ಸಲ, ನೆರೆಮನೆಗಳಿಂದ ಹೆಚ್ಚು. ಯಾವ ರಾತ್ರಿಯೂ ಜೀಪು ದೂಡಬೇಕಾಗಲಿಲ್ಲ.

ಖರ್ಚು

ಕಂಬ ಮನೆಯದ್ದೇ. ಉಳಿದಂತೆ 2021ರ ಕ್ರಯದಲ್ಲಿ ಪೈಪಿಗೆ 26,000, ತಗಡಿಗೆ 26,500 ರೂಪಾಯಿ, ಇವೆರಡೇ ಅರ್ಧ. ವೆಲ್ಡಿಂಗ್ ಕೆಲಸಕ್ಕೆ 14,000. ಆಚಾರ್ರು ಮತ್ತು ಆಳುಗಳ ಸಂಬಳ 19,000. ಕಲ್ಲು, ಬೋಲ್ಟು, ಡ್ರಿಲ್ ಬಾಡಿಗೆ ಸೇರಿ 8,000. ಸಿಮೆಂಟು, ಜಲ್ಲಿ, ಹೊಯಿಗೆ, ಜೆಸಿಬಿಗೆ 13,300. ತಿರುಪು, ಕೋಡಿನ ತಗಡು 3,000. ಒಟ್ಟು ಒಂದು ಲಕ್ಷದ ಹತ್ತು ಸಾವಿರಕ್ಕೆ ಇನ್ನೂರು ಕಡಿಮೆ. ಚದರಡಿಗೆ 230 ರೂಪಾಯಿ ಬಿತ್ತು. ಹಳೆ ಹಟ್ಟಿಯಲ್ಲಿ ಉಳಿದ ಹೆಂಚನ್ನು ಬೇರೆಯವರು ಕೊಂಡುಹೋದದ್ದರಿಂದ ಸ್ವಲ್ಪ ವಾಪಸು ಬಂತು. ಅದನ್ನು ಇದರಲ್ಲಿ ಸೇರಿಸಿಲ್ಲ.

ಹಳೆಯ ಚೇಗುಮರ ಇಲ್ಲದವರು ಮೂರಿಂಚಿನ ಜಿಐ ಪೈಪನ್ನು ಹೀಗೆಯೇ ಕಲ್ಲಿನ ನಡುವೆ ನಿಲ್ಲಿಸಬಹುದು. ಅಡಿಕೆ ಮರದ ಕಂಬ ಬೇಡ. ಚಪ್ಪರಕ್ಕೆ ಸರಿ, ಗಾಡಿಯ ಮೇಲಿನ ಮಾಡಿಗೆ ಅಲ್ಲ. ಅಕೇಶಿಯಾ ಹಾಕುವುದಾದರೆ ಬಿಳಿ ಭಾಗ ಪೂರಾ ಕೆತ್ತಿ ತೆಗೆದು ಚೇಗು ಮಾತ್ರ ಉಪಯೋಗಿಸಿ.

ನಾಲ್ಕು ಮಳೆಗಾಲ ನೋಡಿ ಹೇಳುವುದಾದರೆ, ತಗಡಿನ ತೊಂದರೆ ಒಂದಿದೆ. ನವೆಂಬರಿನಿಂದ ಜನವರಿವರೆಗೆ ಮಂಜಿನ ಬೆಳಿಗ್ಗೆಗಳಲ್ಲಿ ತಗಡು ಅಡಿಯಿಂದ ಬೆವರಿ ಜೀಪಿನ ಮೇಲೆ ತೊಟ್ಟಿಕ್ಕುತ್ತದೆ. ಬಿಸಿಲು ಬಂದ ಮೇಲೆ ಒಣಗುತ್ತದೆ, ಗಾಳಿ ಆಡುವುದರಿಂದ ಹೆಚ್ಚು ಹಾನಿ ಕಂಡಿಲ್ಲ. ಇಲಿಗಳು ವಯರು ಕಡಿಯುವುದಕ್ಕೆ ಮಾಡು ಪರಿಹಾರವಲ್ಲ. ಬೋನೆಟ್ಟಿನ ಅಡಿಯಲ್ಲಿ ರಾತ್ರಿ ಸಣ್ಣ ಬಲ್ಬು ಉರಿಸುತ್ತೇವೆ, ಸ್ವಲ್ಪ ಕಡಿಮೆಯಾಗಿದೆ. ಕೋಳಿಗಳು ಸೀಟಿನ ಮೇಲೆ ಮೊಟ್ಟೆ ಇಡುವುದನ್ನು ಮಾತ್ರ ನಿಲ್ಲಿಸಲು ಆಗಿಲ್ಲ.

ಇನ್ನೊಂದು ಕಷ್ಟ ಎಲ್ಲ ಮಾಡಿಗೂ ಇರುವುದೇ. ಖಾಲಿ ಜಾಗ ಕಂಡಲ್ಲಿ ಮನೆಯ ಸಾಮಾನು ಬಂದು ಸೇರುತ್ತದೆ. ಮೊದಲು ಒಂದು ಕಟ್ಟು ಹಾಳೆ, ಆಮೇಲೆ ತೆಂಗಿನಕಾಯಿ, ಆಮೇಲೆ ಸೌದೆ. ಹಾಗೆ ಬಿಟ್ಟರೆ ಎರಡು ವರ್ಷದಲ್ಲಿ ಜೀಪು ಪುನಃ ಹಲಸಿನ ಬುಡಕ್ಕೆ ಹೋಗುತ್ತದೆ. ಸೌದೆಯ ಜೊತೆ ಒರಲೆಯೂ ಬರುತ್ತದೆ. ಕಂಬಕ್ಕೆ ಒರಗಿಸಿ ಏನನ್ನೂ ಇಡಬಾರದೆಂದು ಕಟ್ಟುನಿಟ್ಟು ಮಾಡಿದ್ದೇವೆ.

ಪ್ರತಿವರ್ಷ ಮೇ ಮೊದಲ ವಾರ ಅರ್ಧ ದಿನದ ಕೆಲಸ ಇದೆ. ಇಪ್ಪತ್ತನಾಲ್ಕು ನಂಬ್ರದ ಪಾನ ಹಿಡಿದು ಎಲ್ಲ ಬೋಲ್ಟು ಬಿಗಿ ಮಾಡುವುದು, ಮರ ಒಣಗಿ ಸಪೂರವಾಗುವುದರಿಂದ ಮೊದಲ ಎರಡು ವರ್ಷ ಅರ್ಧ ಸುತ್ತು ತಿರುಗಿತು. ವೆಲ್ಡಿಂಗಿನ ಗಂಟುಗಳಿಗೆ ಬಣ್ಣ ಮುಟ್ಟಿಸುವುದು. ಅಂಚಿನ ತಿರುಪುಗಳ ರಬ್ಬರು ನೋಡುವುದು. ಕಣಿಯ ತರಗೆಲೆ ಬಾಚುವುದು. ಬೋಗಿಯ ಬುಡಕ್ಕೆ ಚೂರಿಯ ಮೊನೆಯಿಂದ ಒತ್ತಿ ನೋಡುತ್ತೇನೆ. ಕಳೆದ ಮೇಯಲ್ಲೂ ಚೂರಿ ಒಳಗೆ ಹೋಗಲಿಲ್ಲ.